ಮೇಝೌ ದ್ವೀಪದ ಮಾಝು ದರ್ಶನ: ಹೊರಡುವವರಿಗೆ ಕೆಲವು ಮಾತು

ಚೀನಾದ ಫೂಜಿಯಾನ್ ಪ್ರಾಂತ್ಯದ ಮೇಝೌ ದ್ವೀಪದಲ್ಲಿ ಈಗ ಕಣ್ಣಿಗೆ ಬೀಳುವ ಗುಡಿಗಳಲ್ಲಿ ಹೆಚ್ಚಿನವು ಈಚಿನವು ಎಂಬುದನ್ನು ಹೋಗುವ ಮೊದಲೇ ತಿಳಿದಿರುವುದು ಒಳ್ಳೆಯದು. ಕಡಲಿಗೆ ಇಳಿದವರನ್ನು ಕಾಯುವ ದೇವತೆ ಮಾಝು ಕ್ರಿ.ಶ. 960ರಲ್ಲಿ ಹುಟ್ಟಿದ ಲಿನ್ ಮೋ ಎಂಬ ಹೆಣ್ಣುಮಗಳೆಂಬುದು ಅಲ್ಲಿನವರ ನಂಬಿಕೆ. ಆಕೆಯ ಮೂಲಗುಡಿ ಮಾವೋ ಆಳ್ವಿಕೆಯ ಸಾಂಸ್ಕೃತಿಕ ಕ್ರಾಂತಿಯ (1966–76) ಕಾಲದಲ್ಲಿ ಹಾಳಾಯಿತು; 1970ರ ದಶಕದ ಕೊನೆಯಲ್ಲಿ ದ್ವೀಪದ ಹೆಂಗಸರೇ ಮುಂದೆ ನಿಂತು ಅದನ್ನು ಮತ್ತೆ ಕಟ್ಟಲು ತೊಡಗಿದರು. ತೈವಾನಿನ ಭಕ್ತರು ಬರತೊಡಗಿದ ಮೇಲೆ ಸರ್ಕಾರವೂ ಆಸಕ್ತಿ ವಹಿಸಿ, 1992ರಲ್ಲಿ ದ್ವೀಪವನ್ನು ರಾಷ್ಟ್ರೀಯ ವಿಹಾರಧಾಮವಾಗಿಸಿತು. 2009ರಲ್ಲಿ ಮಾಝು ಆರಾಧನೆಗೆ ಯುನೆಸ್ಕೋ ಮನ್ನಣೆಯೂ ದೊರೆಯಿತು. ಅಗಲವಾದ ಮೆಟ್ಟಿಲು, ಟಿಕೆಟ್ ಕಟ್ಟೆಗಳನ್ನು ಕಂಡು ಇದೆಲ್ಲ ಬರಿಯ ಪ್ರವಾಸೋದ್ಯಮವೆಂದು ತೀರ್ಮಾನಿಸಿದರೆ ಆ ಹೆಂಗಸರಿಗೆ ಅನ್ಯಾಯ ಮಾಡಿದಂತೆ.

ಶಿಯಾಮೆನ್ ಅಥವಾ ಫೂಝೌ ನಗರದಿಂದ ವೇಗದ ರೈಲಿನಲ್ಲಿ ಪುಟಿಯಾನ್‌ಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ವೆನ್‌ಜಿಯಾ ದಕ್ಕೆಗೆ ಹೋಗಿ ದೋಣಿ ಹತ್ತಬೇಕು. ರೈಲಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಅಲ್ಲಿ ಮೊಬೈಲಿನಲ್ಲಿ ಹಣ ಕೊಡಲು ಬಳಸುವ ಅಲಿಪೇ ಆ್ಯಪ್‌ಗೆ ನಿಮ್ಮ ಕಾರ್ಡನ್ನು ಊರಿನಲ್ಲಿಯೇ ಜೋಡಿಸಿಕೊಳ್ಳಿ. ಗೂಗಲ್ ನಕ್ಷೆಯನ್ನು ನಂಬಿ ಹೋಗಬೇಡಿ, ಅದು ಅಲ್ಲಿ ತೆರೆಯುವುದಿಲ್ಲ. ಕಡಲಿನ ಊರಾದ್ದರಿಂದ ಸಸ್ಯಾಹಾರಿಗಳು ತಮಗೆ ಏನೇನು ಬೇಡವೆಂಬುದನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡಿರಬೇಕು.

ನಾನು ಮೊದಲ ದಿನ ಮಧ್ಯಾಹ್ನ ಹೋಗಿ, ಬಾವುಟ ಹಿಡಿದ ಗೈಡುಗಳ ಗುಂಪುಗಳ ನಡುವೆ ಸಿಲುಕಿ, ನಿಂತು ಕೈಮುಗಿಯಲೂ ಆಗದೆ ಹಿಂದಿರುಗಿದೆ. ಆದ್ದರಿಂದ ಒಂದು ರಾತ್ರಿ ದ್ವೀಪದಲ್ಲೇ ತಂಗಿ, ಬೆಳಿಗ್ಗೆ ದೋಣಿಗಳು ತುಂಬಿ ಬರುವ ಮೊದಲು ಗುಡಿಗೆ ಹೋಗಿ ಎಂದು ಒತ್ತಿ ಹೇಳುತ್ತೇನೆ. ಮರುದಿನ ಮುಂಜಾನೆ ಕಂಡದ್ದೇ ಬೇರೆ. ಕೂದಲನ್ನು ಹಾಯಿಯಂತೆ ಎತ್ತಿ ಕಟ್ಟಿದ ಒಬ್ಬ ಅಜ್ಜಿ, ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಬೊಗಸೆಯಲ್ಲಿ ಹಿಡಿದು, ಬಹಳ ಹೊತ್ತು ಏನನ್ನೋ ಹೇಳಿಕೊಂಡು ನೆಲಕ್ಕೆ ಬಿಟ್ಟರು. ಒಂದು ಚಪ್ಪಟೆ ಮುಖ ಮೇಲಾಗಿ, ಇನ್ನೊಂದು ಉಬ್ಬು ಮುಖ ಮೇಲಾಗಿ ಬಿದ್ದರೆ ದೇವಿಯ ಒಪ್ಪಿಗೆ. ನಮ್ಮಲ್ಲಿ ಹೂಪ್ರಸಾದ ಕೇಳುವಂತೆಯೇ. ಎರಡೂ ಉಬ್ಬು ಮೇಲಾಗಿಯೇ ಬಿದ್ದವು. ಅಜ್ಜಿ ಅವನ್ನು ಹೆಕ್ಕಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದರು.

ಚೀನೀ ಪಂಚಾಂಗದ ಮೂರನೆಯ ತಿಂಗಳ 23ರಂದು ಮಾಝು ಜಯಂತಿ. ಉತ್ಸವ ನೋಡಲೇಬೇಕೆನ್ನುವವರು ಆಗ ಹೋಗಬಹುದು, ಆದರೆ ಕೋಣೆಯನ್ನು ಬಹಳ ಮುಂಚೆ ಕಾದಿರಿಸಿ. ಮೇ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನಗಳ ಸರ್ಕಾರಿ ರಜೆಯಲ್ಲಿ ಮಾತ್ರ ಹೋಗಬೇಡಿ. ಮರದ ತುಂಡು ಹಿಡಿದು ನಿಂತವರ ಫೋಟೋ ತೆಗೆಯಬೇಡಿ.