ಒಂದು ಗೇಣು

ದೀಪಾವಳಿಗೆ ತಂದು ಉಳಿದಿದ್ದ ಮೇಣದ ಬತ್ತಿಯೊಂದನ್ನು ಜಾಕೆಟ್ ಜೇಬಿಗೆ ಹಾಕಿಕೊಂಡು ಮನೆಯಿಂದ ಹೊರಟಾಗ ಭಾನುವಾರ ಬೆಳಿಗ್ಗೆ ಹತ್ತೂವರೆ. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನ ಫೆಬ್ರವರಿ ಚಳಿ. ಎಲ್ಲಿಗೆ ಅಂತ ಹೆಂಡತಿ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಸ್ಕೇಟ್ ಚೀಲ ನೋಡಿ, "ಇನ್ಶೂರೆನ್ಸ್ ಕಾರ್ಡ್ ಇಟ್ಕೊಂಡಿದ್ದೀರಾ?" ಅಂದಳು ಅಷ್ಟೆ.

ನನಗೆ ನಲವತ್ತೊಂದು. ಕೆಲಸ ಚಿಪ್ ಮಾಡುವ ಯಂತ್ರಗಳ ಸಾಫ್ಟ್‌ವೇರ್. ಈ ವಯಸ್ಸಿನಲ್ಲಿ ಫುಟ್‌ಪಾತ್ ಅಂಚಿನ ಮೇಲೆ ಜಾರಲು ಹೊರಟಿದ್ದಕ್ಕೆ ಹಿಂದಿನ ವಾರ ನೋಡಿದ ವಿಂಟರ್‌ಕ್ಲ್ಯಾಶ್ ಅನ್ನುವ ಸ್ಕೇಟಿಂಗ್ ಪಂದ್ಯ ಕಾರಣ. ಸ್ವಲ್ಪ ಮಟ್ಟಿಗೆ ಇಎಸ್‌ಪಿಎನ್ ಕೂಡ.

ಇಎಸ್‌ಪಿಎನ್ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಗೆ ಆಗ ಕೇಬಲ್ ಇರಲಿಲ್ಲ, ಎದುರು ಮನೆಗೆ ಇತ್ತು. ಕ್ರಿಕೆಟ್ ಇಲ್ಲದ ಮಧ್ಯಾಹ್ನ ಅಲ್ಲಿ ಒಮ್ಮೆ ಎಕ್ಸ್ ಗೇಮ್ಸ್ ಅನ್ನುವ ಸಾಹಸ ಆಟಗಳ ಪಂದ್ಯ ಬಂತು. ದೊಗಳೆ ಪ್ಯಾಂಟಿನ ಹುಡುಗರು ಒಂದೇ ಸಾಲಿನಲ್ಲಿ ನಾಲ್ಕು ಚಕ್ರವಿರುವ ಬೂಟು ಹಾಕಿಕೊಂಡು ಕಬ್ಬಿಣದ ಕಂಬಿಯ ಮೇಲೆ ಜಾರುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಚಪ್ಪಲಿಯ ಮೇಲೆ ಬೆಲ್ಟ್ ಬಿಗಿದು, ಕೀಲಿ ತಿರುಗಿಸಿ ಉದ್ದ ಮಾಡಿಕೊಳ್ಳುವ ಕಬ್ಬಿಣದ ಸ್ಕೇಟ್. ಅದನ್ನೇ ಕಟ್ಟಿಕೊಂಡು ಮೋರಿ ಕಟ್ಟೆಯ ಮೇಲೆ ಹಾರಿದೆ. ಹಾರಿದ್ದು ನಿಜ. ಇಳಿದದ್ದು ಮೋರಿಗೆ. ಅಮ್ಮ ಸ್ಕೇಟನ್ನು ಅಟ್ಟಕ್ಕೆ ಹಾಕಿದಳು. ಕಥೆ ಅಲ್ಲಿಗೆ ಮುಗಿದಿತ್ತು.

ವಿಂಟರ್‌ಕ್ಲ್ಯಾಶ್‌ಗೆ ಎಳೆದುಕೊಂಡು ಹೋದವಳು ನನ್ನ ಮಗಳು. ಹನ್ನೆರಡು ವರ್ಷ, ಮಾಮೂಲಿ ಸ್ಕೇಟಿಂಗ್ ಚೆನ್ನಾಗಿ ಮಾಡುತ್ತಾಳೆ. ಈ ಪಂದ್ಯ 2005ರಲ್ಲಿ ಜರ್ಮನಿಯಲ್ಲಿ ಶುರುವಾಗಿ ಆಮೇಲೆ ನಮ್ಮೂರಿಗೆ ಬಂತು. ನಡೆಯುವುದು ಸ್ಟ್ರೈಪ್-ಎಸ್ ಬಡಾವಣೆಯ ಏರಿಯಾ 51 ಅನ್ನುವ ಒಳಾಂಗಣ ಸ್ಕೇಟ್‌ಪಾರ್ಕ್‌ನಲ್ಲಿ. ಸ್ಟ್ರೈಪ್-ಎಸ್ ಅಂದರೆ ಫಿಲಿಪ್ಸ್ ಕಂಪನಿಯ ಹಳೆಯ ಕಾರ್ಖಾನೆಗಳಿದ್ದ ಜಾಗ. ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲವಂತೆ, ಅದಕ್ಕೇ ಊರಿನವರು ಅದನ್ನು 'ನಿಷೇಧಿತ ನಗರ' ಅನ್ನುತ್ತಿದ್ದರು. ನಮ್ಮಜ್ಜ ದಿನಾ ಬೆಳಿಗ್ಗೆ ಆಕಾಶವಾಣಿ ಕೇಳುತ್ತಿದ್ದ ರೇಡಿಯೋ ಮೇಲೂ ಫಿಲಿಪ್ಸ್ ಅಂತಲೇ ಇತ್ತು. ಗೋಡೆ ಮುಟ್ಟಿ ನೋಡಿದೆ, ಸುಮ್ನೆ.

ಒಳಗೆ ಮೊದಲು ಕಿವಿಗೆ ಬಿದ್ದದ್ದು ಸದ್ದು. ಬೂಟಿನ ಗಟ್ಟಿ ಪ್ಲಾಸ್ಟಿಕ್ ಕಬ್ಬಿಣದ ಕೊಳವೆಯ ಮೇಲೆ ಉಜ್ಜುವ ಸದ್ದು. ಯಾರೋ ಸಿಟ್ಟಿನಲ್ಲಿ ತುರಿಮಣೆಯ ಮೇಲೆ ಕಾಯಿ ತುರಿದ ಹಾಗೆ, ಕರ್ರ್ ಅಂತ. ನಡುವೆ ಒಂದು ಕ್ಷಣ ಮೌನ. ಸ್ಕೇಟರ್ ಗಾಳಿಯಲ್ಲಿದ್ದಾನೆ ಅಂತ ಅರ್ಥ. ಆಮೇಲೆ 'ಟಪ್' ಅಂದರೆ ಚಕ್ರದ ಮೇಲೆ ಇಳಿದ, 'ಧಡ್' ಅಂದರೆ ಮೈ ಮೇಲೆ ಇಳಿದ. ಅರ್ಧ ಗಂಟೆಯಲ್ಲಿ ಕಣ್ಣು ಮುಚ್ಚಿಯೇ ಹೇಳುವಷ್ಟು ಅಭ್ಯಾಸವಾಯಿತು.

ಇವರು ಯಾರೂ ಇದನ್ನು ಅಗ್ರೆಸಿವ್ ಇನ್‌ಲೈನ್ ಸ್ಕೇಟಿಂಗ್ ಅಂತ ಬಾಯಿ ತುಂಬ ಕರೆಯುವುದಿಲ್ಲ. ಬ್ಲೇಡಿಂಗ್, ಅಷ್ಟೇ. ಮಾಡುವವರು ಬ್ಲೇಡರ್‌ಗಳು. ನಮ್ಮ ಕಡೆ ಬ್ಲೇಡ್ ಕಂಪನಿ ಅಂದರೆ ಏನು ಅಂತ ಮಗಳಿಗೆ ವಿವರಿಸಲು ಹೋದೆ, ಅವಳಿಗೆ ನಗು ಬರಲಿಲ್ಲ.

ಒಬ್ಬ ಹುಡುಗ ಇಳಿಜಾರು ಕಂಬಿಯ ಮೇಲೆ ತಿರುಗಿಕೊಂಡು ಹಾರಿ ಕೂರಲು ನೋಡುತ್ತಿದ್ದ. ಬಿದ್ದ. ಎದ್ದು ಮೆಟ್ಟಿಲು ಹತ್ತಿ ಮತ್ತೆ ಬಂದ. ಮತ್ತೆ ಬಿದ್ದ. ಮಗಳು ಬೆರಳು ಮಡಚಿ ಎಣಿಸುತ್ತಿದ್ದಳು, ಹನ್ನೊಂದು ಸಲ. ಆರನೆಯ ಸಲದಿಂದ ಉಳಿದ ಸ್ಪರ್ಧಿಗಳು ಒಬ್ಬೊಬ್ಬರೇ ತಮ್ಮ ಆಟ ನಿಲ್ಲಿಸಿ ರ‍್ಯಾಂಪಿನ ಹಲಗೆಗೆ ಅಂಗೈಯಿಂದ ಬಡಿಯತೊಡಗಿದರು. ಹನ್ನೆರಡನೆಯದಕ್ಕೆ ಅವನು ಕೊನೆಯವರೆಗೂ ಜಾರಿ ಇಳಿದ. ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನ ಜೊತೆಯೇ ಸ್ಪರ್ಧೆಗಿಳಿದವನು. ಆಫೀಸಿನಲ್ಲಿ ಪಕ್ಕದ ಟೀಮಿನವರು ಗೆದ್ದಾಗ ನಾನು ಕೂಗಿದ್ದು ನೆನಪಿಲ್ಲ.

ನನ್ನ ಪಕ್ಕ ನಿಂತಿದ್ದ ಡಚ್ಚಿನವನಿಗೆ ನನಗಿಂತ ಐದಾರು ವರ್ಷ ಜಾಸ್ತಿ ಇರಬಹುದು. ಗಡ್ಡ ಬೆಳ್ಳಗಾಗಿತ್ತು, ಕಾಲಲ್ಲಿ ಸ್ಕೇಟ್ ಇತ್ತು. ಎಕ್ಸ್ ಗೇಮ್ಸ್ ನೋಡಿದ್ದೆ ಅಂದದ್ದೇ ತಡ, ಮಾತು ಬಿಚ್ಚಿದ. ಅಮೆರಿಕದ ಆರ್ಲೋ ಐಸನ್‌ಬರ್ಗ್ 1996ರಲ್ಲಿ ಅಲ್ಲಿ ಗೆದ್ದದ್ದು. ಬ್ರೆಜಿಲ್‌ನ ಫಾಬಿಯೋಲಾ ಡ ಸಿಲ್ವಾ ಎಷ್ಟು ಚೆನ್ನಾಗಿದ್ದಳು ಅಂದರೆ, ಹೆಂಗಸರು ಗಂಡಸರ ಜೊತೆ ಸ್ಪರ್ಧಿಸಲು ಅವಳ ಹೆಸರಿನಲ್ಲೇ ಒಂದು ನಿಯಮ ಬಂದದ್ದು. 2000ದಲ್ಲಿ ಇಲ್ಲಿಂದ ಅರ್ಧ ಗಂಟೆ ದೂರದ ಡೆನ್ ಬಾಸ್‌ನ ಸ್ವೆನ್ ಬೂಕ್‌ಹೋರ್ಸ್ಟ್ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದದ್ದು. ಅದನ್ನು ಹೇಳುವಾಗ ಅವನ ದನಿ ಬೇರೆಯೇ ಆಯಿತು. ನಮ್ಮವರು ಜಾವಗಲ್ ಶ್ರೀನಾಥ್ ಬಗ್ಗೆ ಮಾತಾಡುವ ಹಾಗೆ.

2005ರ ಹೊತ್ತಿಗೆ ಎಕ್ಸ್ ಗೇಮ್ಸ್ ಈ ಆಟವನ್ನೇ ಕೈಬಿಟ್ಟಿತು. ಟೀವಿ ಹೋಯಿತು, ಅದರ ಹಿಂದೆ ದುಡ್ಡೂ ಹೋಯಿತು. ಅಂಗಡಿಗಳಲ್ಲಿ ಈ ಬೂಟು ಸಿಗುವುದೇ ಕಷ್ಟವಾಯಿತಂತೆ. ತನ್ನ ಬಕಲ್ ಮುರಿದಾಗ ಎರಡು ವರ್ಷ ಕೇಬಲ್ ಟೈ ಬಿಗಿದುಕೊಂಡೇ ಆಡಿದೆ ಅಂದ. ಸಂಜೆ ಮನೆಗೆ ಹೋಗುವಾಗ ಟೈ ಕತ್ತರಿಸುವುದು, ಮರುದಿನ ಹೊಸದು ಹಾಕುವುದು.

ಹಾಗಾದರೆ ಇದೆಲ್ಲ ಉಳಿದದ್ದು ಹೇಗೆ ಅಂದೆ. "ವಿಡಿಯೋ" ಅಂದ. ತೊಂಬತ್ತರ ದಶಕದಲ್ಲಿ ವಿಎಚ್‌ಎಸ್ ಕ್ಯಾಸೆಟ್. ಒಬ್ಬ ತರಿಸಿದರೆ ಹತ್ತು ಮಂದಿ ಸವೆಯುವವರೆಗೆ ನೋಡುತ್ತಿದ್ದರು. ಆಮೇಲೆ ಡಿವಿಡಿ, ಈಗ ಯೂಟ್ಯೂಬ್. ಲೆಕ್ಕ ಮಾತ್ರ ಬದಲಾಗಿಲ್ಲ. ಒಬ್ಬ ಸ್ಕೇಟರ್‌ಗೆ ಒಂದು 'ಪಾರ್ಟ್', ಒಂದು ಹಾಡಿನಷ್ಟು ಉದ್ದ. ಅದರಲ್ಲಿ ಒಂದೊಂದು ಕ್ಲಿಪ್ಪೂ ಕೆಲವೇ ಸೆಕೆಂಡ್. ಆ ಮೂರು ನಿಮಿಷ ಕೂಡಿಸಲು ತಿಂಗಳುಗಟ್ಟಲೆ ಬೇಕು. ಅಗಲ ನೋಟದ ಫಿಶ್‌ಐ ಲೆನ್ಸ್ ಹಿಡಿದು ಶೂಟ್ ಮಾಡುವವನೂ ಸ್ಕೇಟ್ ಹಾಕಿಕೊಂಡು, ಕುಕ್ಕರುಗಾಲಲ್ಲಿ, ಪಕ್ಕದಲ್ಲೇ ಉರುಳಿಕೊಂಡು ಹೋಗಬೇಕು. ಅವನು ಬಿದ್ದದ್ದನ್ನು ಯಾರೂ ಶೂಟ್ ಮಾಡುವುದಿಲ್ಲ, ಪಾಪ.

ಅದೇ ವಾರ ಸೆಕೆಂಡ್ ಹ್ಯಾಂಡ್ ಒಂದು ಜೊತೆ ಕೊಂಡೆ.

ಮಾಮೂಲಿ ಸ್ಕೇಟಿಗೂ ಇದಕ್ಕೂ ವ್ಯತ್ಯಾಸ ಕೆಳಗೆ ತಿರುಗಿಸಿದರೆ ಗೊತ್ತಾಗುತ್ತದೆ. ಚಕ್ರಗಳು ಸಣ್ಣವು, 60 ಮಿಲಿಮೀಟರ್ ಆಸುಪಾಸು. ನಡುವಿನ ಎರಡು ಇನ್ನೂ ಸಣ್ಣ, ನೆಲಕ್ಕೆ ತಾಗುವುದೇ ಇಲ್ಲ. ಆ ಎರಡರ ನಡುವೆ ಬಿಟ್ಟಿರುವ ತಗ್ಗೇ ಎಚ್ ಬ್ಲಾಕ್, ಕಂಬಿ ಕೂರುವುದು ಅಲ್ಲಿ. ಬೂಟಿನ ಅಡಿ ಚಕ್ರಗಳ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಅದು ಸೋಲ್ ಪ್ಲೇಟ್. ಅಂಚಿನ ಮೇಲೆ ಹೀಗೆ ಜಾರುವುದಕ್ಕೆ ಗ್ರೈಂಡ್ ಅನ್ನುತ್ತಾರೆ. ನಾನು ಆರಿಸಿಕೊಂಡದ್ದು ಸೋಲ್ ಗ್ರೈಂಡ್, ಎಲ್ಲರೂ ಮೊದಮೊದಲು ಕಲಿಯುವುದು. ಹಾರಿ, ಮುಂದಿನ ಕಾಲಿನ ಎಚ್ ಬ್ಲಾಕನ್ನು ಅಂಚಿಗೆ ಅಡ್ಡ ಇಡಬೇಕು, ಹಿಂದಿನ ಕಾಲಿನ ಸೋಲ್ ಪ್ಲೇಟನ್ನು ಅಂಚಿನ ಉದ್ದಕ್ಕೆ ಒರಗಿಸಬೇಕು. ಹಿಂದಿನ ಮೊಣಕಾಲು ಒಳಗೆ ಬಾಗಬೇಕು. ಕೇಳಲು ಸುಲಭ.

ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಮೊಣಕಾಲಿಗಿಂತ ಕೆಳಗಿರುವ ಸಿಮೆಂಟ್ ಕಟ್ಟೆ ಇದೆ. ಅದರ ಅಂಚಿಗೆ ಮೇಣದ ಬತ್ತಿ ಉಜ್ಜಿದೆ, ನುಣುಪಾಗಲಿ ಅಂತ. ಹೆಲ್ಮೆಟ್, ಮಂಡಿ ಪ್ಯಾಡ್, ಮಣಿಕಟ್ಟಿನ ಗಾರ್ಡ್ ಎಲ್ಲಾ ಹಾಕಿಕೊಂಡೆ. ಆ ಪಂದ್ಯದಲ್ಲಿ ಎಷ್ಟೋ ಹುಡುಗರು ಬರಿತಲೆಯಲ್ಲಿ ಹಾರುತ್ತಿದ್ದರು. ಅದೊಂದು ಈ ಆಟದಲ್ಲಿ ನನಗೆ ಸೇರದ ಚಾಳಿ. ಮಗಳು ಫೋನ್ ಹಿಡಿದು ನೆಲದ ಮೇಲೆ ಬೋರಲು ಮಲಗಿದಳು.

"ಅಪ್ಪಾ, ಬಿದ್ದಿದ್ದೂ ಡಿಲೀಟ್ ಮಾಡಲ್ಲ, ಈಗಲೇ ಹೇಳಿದೀನಿ."

ಮೊದಲ ಹತ್ತು ಸಲ ಹಾರಲೇ ಇಲ್ಲ. ಕಟ್ಟೆ ಹತ್ತಿರ ಬಂದಾಗ ಕಾಲು ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಮೆದುಳಿಗೆ ಮೋರಿ ಚೆನ್ನಾಗಿ ನೆನಪಿತ್ತು ಅಂತ ಕಾಣುತ್ತೆ. ಹನ್ನೊಂದನೆಯದಕ್ಕೆ ಹಾರಿದೆ, ಅಂಚಿನ ಮೇಲೆ ನಿಂತೆ, ಜಾರಲಿಲ್ಲ. ನಿಂತಲ್ಲೇ ಗಟ್ಟಿಯಾಗಿ ಕಚ್ಚಿಕೊಂಡು, ಬುಡ ಕಡಿದ ಬಾಳೆಗಿಡದ ಹಾಗೆ ಮುಂದಕ್ಕೆ ವಾಲಿದೆ. ಮತ್ತೆ ಮೇಣ ಉಜ್ಜಿದೆ. ಈ ಸಲ ಕಾಲುಗಳು ನನ್ನನ್ನು ಬಿಟ್ಟು ಮುಂದೆ ಹೋದವು. ಸೊಂಟ ನೆಲಕ್ಕೆ ಬಡಿಯಿತು. ಆ ನೋವು ಮೊದಲು ಬಿಸಿಯಾಗಿ ಬಂತು, ಆಮೇಲೆ ಹಲ್ಲಿನವರೆಗೆ ಹತ್ತಿತು.

ನಾಯಿ ಹಿಡಿದುಕೊಂಡು ಹೊರಟ ಒಬ್ಬ ಅಜ್ಜಿ ಸ್ವಲ್ಪ ಹೊತ್ತು ನಿಂತು ನೋಡಿ ಹೋದರು. ಮುಕ್ಕಾಲು ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಪಸ್ ಬಂದು, "ಇನ್ನೂ ಮುಗಿದಿಲ್ವಾ?" ಅಂತ ಡಚ್‌ನಲ್ಲಿ ಕೇಳಿದರು. ಇಲ್ಲ ಅಂದೆ. ಅವರು ಹೋಗಲಿಲ್ಲ. ನಾಯಿಯನ್ನು ಕೂರಿಸಿ ಅಲ್ಲೇ ನಿಂತರು.

ತಪ್ಪು ಹಿಡಿದವಳು ಮಗಳು. ವಿಡಿಯೋ ನಿಧಾನ ಮಾಡಿ ತೋರಿಸಿದಳು. "ನೋಡು, ಇಲ್ಲಿ ನೀನು ಹಿಂದಕ್ಕೆ ವಾಲ್ತೀಯಾ. ಭಯಕ್ಕೆ." ಜಾರಬೇಕಾದರೆ ಭಾರ ಅಂಚಿನ ನೇರಕ್ಕೆ ಇರಬೇಕು. ಬೀಳದ ಹಾಗೆ ಹಿಂದೆ ವಾಲಿದರೆ ಅದರಿಂದಲೇ ಬೀಳುತ್ತೇವೆ. ಹನ್ನೆರಡು ವರ್ಷದವಳಿಂದ ಪಾಠ.

ಮೂವತ್ತನಾಲ್ಕನೆಯ ಸಲ. ಹಾರಿದೆ. ಮೊಣಕಾಲು ಒಳಗೆ ಬಾಗಿಸಿದೆ. ಕರ್ರ್ ಅಂತ ಸದ್ದು ಬಂತು. ಅದು ನನ್ನ ಕಾಲ ಕೆಳಗಿನಿಂದಲೇ ಬಂದದ್ದು ಅಂತ ತಿಳಿಯುವಷ್ಟರಲ್ಲಿ ಕೆಳಗಿಳಿದಿದ್ದೆ, ಚಕ್ರದ ಮೇಲೆ. ಅಜ್ಜಿ ಗ್ಲೌಸ್ ಹಾಕಿದ ಕೈಯಲ್ಲಿ ಪಟಪಟ ಚಪ್ಪಾಳೆ ತಟ್ಟಿದರು, ನಾಯಿ ಬೊಗಳಿತು.

ಕಟ್ಟೆಯ ಮೇಲೆ ಹೊಸ ಗೀರು ಬಿದ್ದಿತ್ತು. ಮಗಳು ಕೈ ಅಗಲಿಸಿ ಅಳೆದಳು. ಸರಿಯಾಗಿ ಒಂದು ಗೇಣು, ಅವಳ ಗೇಣು. ವಿಡಿಯೋ ಎರಡು ಸೆಕೆಂಡ್.

ಅಲ್ಲೇ ಕಟ್ಟೆ ಮೇಲೆ ಕುಳಿತು, ಸೊಂಟ ಒತ್ತಿಕೊಳ್ಳುತ್ತಾ ಅದನ್ನು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಮೈಸೂರಿನಲ್ಲಿ ಆಗ ಸಂಜೆ ಐದು ದಾಟಿತ್ತು, ಕಾಫಿ ಹೊತ್ತು. ಎರಡು ನೀಲಿ ಗೀಟು ಬಿದ್ದವು. ತಕ್ಷಣ ಫೋನ್ ಬಂತು. ಅಟ್ಟಕ್ಕೆ ಹೋದ ಸ್ಕೇಟ್ ವಿಷಯ ಎತ್ತಿ ಬೈಯುತ್ತಾಳೆ ಅಂತ ತಯಾರಾಗಿಯೇ ಎತ್ತಿದೆ.

"ಆ ಕಟ್ಟೆ ಮೇಲೆ ಬಿದ್ದಿರೋದು ಮೇಣದ ಬತ್ತಿ ಅಲ್ವೇನೋ?" ಅಂದಳು. "ಯಾಕೋ, ಅಲ್ಲೂ ಕರೆಂಟ್ ಹೋಗುತ್ತಾ?"