ಕಾಫಿ ಬೆಳೆಗಾರರ ಗುಂಪು: ಗೊಬ್ಬರ ಹಳಿಗೆ ಬಂತು, ತೂಕದ ಲೆಕ್ಕ ಬಾಕಿ

ಕಾಫಿ ಹಣ್ಣಿನ ಸಿಪ್ಪೆಯಿಂದ ಗೊಬ್ಬರ ಮಾಡುವ ಕೆಲಸ ಬಹುಮಟ್ಟಿಗೆ ಮುಗಿದಂತೆಯೇ. ಪಲ್ಪರ್‌ನಿಂದ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಿದ್ದ ಹಸಿ ಸಿಪ್ಪೆಯನ್ನು ಹಾಗೇ ರಾಶಿ ಹಾಕಿದರೆ ಗಾಳಿಯಾಡದೆ ನಾರುತ್ತದೆ, ರಸ ಹರಿದು ಹಳ್ಳ ಸೇರುತ್ತದೆ. ಆದ್ದರಿಂದ ಬುಟ್ಟಿ ಅಳತೆಯಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣಸೊಪ್ಪು, ನಡುನಡುವೆ ತೆಳ್ಳಗೆ ಸಗಣಿ. ಗುಡ್ಡೆ ಒಂದು ಮೀಟರಿಗಿಂತ ಕುಳ್ಳಗಿದ್ದರೆ ಕಾವು ನಿಲ್ಲದು. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು; 65 ದಾಟಿದರೆ ಮಗುಚಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿ, ಧಾರೆ ಕಟ್ಟಿದರೆ ಒಣಸೊಪ್ಪು ಬೆರೆಸಬೇಕು. ಅಮೋನಿಯಾ ಘಾಟಿಗೂ ಮದ್ದು ಅದೇ, ಆದರೆ ಅಲ್ಲಿ ಜಾಸ್ತಿಯಾಗಿರುವುದು ಸಾರಜನಕ.

ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಸೊಪ್ಪು ಗಿಡದ ಬುಡಕ್ಕೇ ಹೋಗುತ್ತಿದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿದರೆ ಸಾಕು.

ತೊಡಕಿರುವುದು ತೂಕದಲ್ಲಿ. ಸದಸ್ಯರು ತರುವ ಪಾರ್ಚ್‌ಮೆಂಟ್‌ನಲ್ಲಿ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಒಬ್ಬರದು 11% ತೇವಾಂಶ, ಇನ್ನೊಬ್ಬರದು 14%. ತೂಗಿದಷ್ಟಕ್ಕೂ ಒಂದೇ ದರ ಕೊಟ್ಟರೆ ಚೆನ್ನಾಗಿ ಒಣಗಿಸಿದವರಿಗೇ ನಷ್ಟ. 14%ನ 100 ಕಿಲೋ, 11%ಕ್ಕೆ ಇಳಿಯುವಾಗ 96.6 ಕಿಲೋ ಆಗುತ್ತದೆ, ಆ 3.4 ಕಿಲೋ ನೀರಿನ ದುಡ್ಡು ಗುಂಪಿನ ಕೈಯಿಂದ ಹೋಗುತ್ತದೆ. ಈಗ ಅನುಸರಿಸುತ್ತಿರುವ ಸೂತ್ರ: ತೂಕವನ್ನು (100 − ತೇವಾಂಶ)ದಿಂದ ಗುಣಿಸಿ 89ರಿಂದ (11% ತೇವ ಕಳೆದರೆ ಉಳಿಯುವ ಒಣ ಪಾಲು) ಭಾಗಿಸುವುದು. ಬಿಸಿಲಿನಿಂದ ಆಗತಾನೇ ತೆಗೆದ ಬೀಜಕ್ಕೆ ತೇವಾಂಶ ಅಳೆಯುವ ಮೀಟರ್ ಹಿಡಿಯಬಾರದು, ಬಿಸಿ ಬೀಜ ಅಳತೆ ಕೆಡಿಸುತ್ತದೆ. ಆರಲು ಬಿಟ್ಟು, ಸಿಪ್ಪೆ ಸುಲಿದೇ ನೋಡಬೇಕು. ಕಣದಲ್ಲಿ ಪದರ 3–4 ಸೆಂಟಿಮೀಟರ್ ಇರಲಿ. ಸಂಜೆ ಮುಚ್ಚದೆ ಬಿಟ್ಟು ಮಂಜು ಕುಡಿಸಿದರೆ ಬೂಸ್ಟು ಖಚಿತ.

ಇದರಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಫೇರ್‌ಟ್ರೇಡ್ (ಬೆಳೆಗಾರರ ಸಂಘಗಳಿಗೆ ಕನಿಷ್ಠ ಬೆಲೆ ಕೊಡಿಸುವ ಪ್ರಮಾಣಪತ್ರ ವ್ಯವಸ್ಥೆ) ಹಣ ಲೆಕ್ಕವಾಗುವುದು ಸುಲಿದ ಹಸಿರು ಬೀಜದ ಮೇಲೆ. 2023ರ ಆಗಸ್ಟ್‌ನಿಂದ ತೊಳೆದ ಅರೇಬಿಕಾಗೆ ಕನಿಷ್ಠ ಬೆಲೆ ಪೌಂಡ್ ತೂಕಕ್ಕೆ 1.80 ಡಾಲರ್. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆ ಬೆಲೆಯೇ ಸಿಗಬೇಕು. ಬೆಲೆಯ ಮೇಲೆ ಸಂಘಕ್ಕೆ ಸಿಗುವ ಹೆಚ್ಚುವರಿ ಹಣ, ಅಂದರೆ ಪ್ರೀಮಿಯಂ, ಪೌಂಡಿಗೆ 20 ಸೆಂಟ್ ಬೇರೆ. ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ, ಗುಣಮಟ್ಟಕ್ಕೇ ಮೀಸಲು. ಕನಿಷ್ಠ ಬೆಲೆ ರಫ್ತು ಬಂದರಿನ ಮಟ್ಟದ್ದು, ಸಂಘಕ್ಕೆ ಬರುವಂಥದ್ದು. ಸಂಸ್ಕರಣೆ, ಸಾಗಣೆ ಕಳೆದ ಮೇಲೆಯೇ ರೈತರ ಪಾಲು. ಸದಸ್ಯರು ಗುಂಪಿಗೆ ಸೇರುವ ದಿನವೇ ಇದನ್ನು ಬಿಡಿಸಿ ಹೇಳದಿದ್ದರೆ ಆಮೇಲೆ ಜಗಳ.

ಬಾಕಿ ಇರುವುದು ಮೀಟರ್ ಪರೀಕ್ಷೆ: ಮೀಟರಿನಲ್ಲಿ ನೋಡಿದ ಅದೇ ಮಾದರಿಯ ಹಸಿರು ಬೀಜವನ್ನು 105 ಡಿಗ್ರಿ ಓವನ್‌ನಲ್ಲಿ 16 ಗಂಟೆ ಇಟ್ಟು, ಎಷ್ಟು ಶೇಕಡಾ ತೂಕ ಕಳೆಯಿತೆಂಬುದನ್ನು ಮೀಟರಿನ ಅಂಕಿಗೆ ಹೋಲಿಸಬೇಕು. ವ್ಯತ್ಯಾಸವನ್ನು ಮೀಟರಿನ ಮೇಲೇ ಚೀಟಿ ಅಂಟಿಸಿಡುವುದು.