ಮೆಜೆಸ್ಟಿಕ್ ಮುಟ್ಟದ ಬಸ್ಸು

ಸೋಮವಾರ ಬೆಳಗಿನ ಜಾವ ಹಾಸನದ ಹೊಸ ಬಸ್ ಸ್ಟ್ಯಾಂಡಿನಿಂದ ಹೊರಡುವ ಬೆಂಗಳೂರು ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಟಿಕೆಟ್ ತೆಗೆದವರೆಲ್ಲ ಮೆಜೆಸ್ಟಿಕ್‌ನಲ್ಲಿ ಕೆಲಸ ಇರುವವರಲ್ಲ. ಒಬ್ಬರು ಬೊಮ್ಮಸಂದ್ರದ ಕಾರ್ಖಾನೆಗೆ, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಗೆ, ಮತ್ತೊಬ್ಬರು ವೈಟ್‌ಫೀಲ್ಡಿನ ಪಿಜಿಗೆ. ನೆಲಮಂಗಲದ ಹತ್ತಿರ ಊರಿನ ಅಂಚು ಮುಟ್ಟಿ, ನಡುವಿಗೆ ಹೊಕ್ಕು, ಅಲ್ಲಿ ಇಳಿದು ಬೇರೆ ಬಸ್ಸು ಹತ್ತಿ, ಮತ್ತೆ ಇನ್ನೊಂದು ಅಂಚಿಗೆ ಹೋಗುತ್ತಾರೆ. ಅಂಚಿನಿಂದ ಅಂಚಿಗೆ ನೇರ ವೇಗದೂತ ಬಸ್ಸು ಹಾಕುವುದು ಹೇಗೆ, ಅದು ಎಲ್ಲಿ ಕೆಡುತ್ತದೆ ಎನ್ನುವ ಲೆಕ್ಕ ಇಲ್ಲಿದೆ. ಉದಾಹರಣೆಗೆ ತುಮಕೂರು ರಸ್ತೆಯಿಂದ, ಊರಿನ ಹೊರಗೆ ಸುತ್ತುವ ಟೋಲ್ ರಸ್ತೆಯಾದ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಸೇರುವ ದಾರಿಯನ್ನು ತೆಗೆದುಕೊಂಡಿದ್ದೇನೆ. ನೈಸ್ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳು ಈಗಲೂ ಓಡುತ್ತವೆ. ಹಾಸನ ಕಡೆಯಿಂದ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ವೇಳಾಪಟ್ಟಿ ಬರೆದರೆ ಅದು ಹೇಗಿರಬೇಕು ಎಂಬುದು ಇಲ್ಲಿನ ವಿಷಯ.

ಮೊದಲ ತೊಡಕು ಜನರ ಲೆಕ್ಕದ್ದು. ಕಂಡಕ್ಟರ್ ಕೈಯ ಟಿಕೆಟ್ ಯಂತ್ರ (ಇಟಿಎಂ) ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಟಿಕೆಟ್ ಹರಿದರು ಎಂದಷ್ಟೇ ಹೇಳುತ್ತದೆ. ಹಾಸನದಿಂದ ಮೆಜೆಸ್ಟಿಕ್ ಒಂದು ನಿಗಮದ ಟಿಕೆಟ್, ಮೆಜೆಸ್ಟಿಕ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಇನ್ನೊಂದು ನಿಗಮದ್ದು. ಒಬ್ಬನೇ ಮನುಷ್ಯ ಎರಡು ಕಡತಗಳಲ್ಲಿ ಇಬ್ಬರಾಗಿ ಕೂತಿರುತ್ತಾನೆ. ಇದನ್ನಷ್ಟೇ ನೋಡಿ ಮಾರ್ಗ ಮಾಡಿದರೆ ಮೆಜೆಸ್ಟಿಕ್‌ಗೆ ಇನ್ನೆರಡು ಬಸ್ಸು ಹಾಕಬೇಕು ಎಂದೇ ಉತ್ತರ ಬರುತ್ತದೆ, ಅಂಚಿಗೆ ಹೋಗುವವನು ಕಾಣುವುದೇ ಇಲ್ಲ. ಪಾಸ್ ಇರುವವರದಂತೂ ಟಿಕೆಟ್ಟೇ ಇಲ್ಲ.

ಇದಕ್ಕೆ ಇರುವ ಮದ್ದು ಸರಳ. ಬಸ್ಸು ಕುಣಿಗಲ್ ದಾಟಿದ ಮೇಲೆ ಸೀಟಿನಿಂದ ಸೀಟಿಗೆ ಹೋಗಿ ಮೂರು ಪ್ರಶ್ನೆ ಕೇಳುವುದು: ಎಲ್ಲಿ ಇಳಿಯುತ್ತೀರಿ, ಇಳಿದ ಮೇಲೆ ಎಲ್ಲಿಗೆ, ಅಲ್ಲಿ ಎಷ್ಟು ಗಂಟೆಗೆ ಇರಬೇಕು. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ವೇಳಾಪಟ್ಟಿ ಹುಟ್ಟುವುದೇ ಅದರಿಂದ. ಸೋಮವಾರ, ಬುಧವಾರ, ಶನಿವಾರ ಮೂರೂ ದಿನ ಕೇಳಬೇಕು. ಸೋಮವಾರದ್ದೊಂದನ್ನೇ ನಂಬಿದರೆ ವಾರದ ಉಳಿದ ದಿನ ಖಾಲಿ ಬಸ್ಸು ಓಡುತ್ತದೆ. ಬುಧವಾರ ನೈಸ್ ಬಸ್ಸಿಗೆ ಹತ್ತುವವರು ನೆಲಮಂಗಲ, ಮಾದಾವರ, ಕೆಂಗೇರಿ ಸುತ್ತಿನ ಸ್ಥಳೀಯರು. ಮಾರ್ಗ ನಿಲ್ಲುವುದು ಅವರ ಮೇಲೆ, ಹಾಸನದವರು ಸೋಮವಾರ ಮತ್ತು ಶನಿವಾರದ ನೆಂಟರು.

ಈಗ ದಾರಿ. ನೈಸ್ ರಸ್ತೆ ತುಮಕೂರು ರಸ್ತೆಯ ಮಾದಾವರದಿಂದ ಹೊಸೂರು ರಸ್ತೆಯ ತನಕ ಸುಮಾರು 41 ಕಿ.ಮೀ. ನಡುವೆ ಮಾಗಡಿ ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಸಿಗುತ್ತವೆ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೊ ನಾಗಸಂದ್ರದಿಂದ ಮಾದಾವರಕ್ಕೆ ಬಂತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಬೊಮ್ಮಸಂದ್ರದ ತನಕ ಓಡಲು ಶುರುವಾಯಿತು. ನಡುವೆ ಮೈಸೂರು ರಸ್ತೆಯಲ್ಲಿ ನೇರಳೆ ಮಾರ್ಗ. ಹಾಗಾಗಿ ಈ ಬಸ್ಸು ಎಲ್ಲರನ್ನೂ ಮನೆ ಬಾಗಿಲಿಗೆ ಬಿಡಬೇಕಾಗಿಲ್ಲ. ಬೊಮ್ಮಸಂದ್ರದವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು ಮೆಟ್ರೊ ಹತ್ತಲಿ. ಬಸ್ಸನ್ನೇ ಅತ್ತಿಬೆಲೆ ತನಕ ಎಳೆಯಿರಿ ಎಂಬ ಮನವಿ ಖಂಡಿತ ಬರುತ್ತದೆ. ಎಳೆದರೆ ಹೊಸೂರು ರಸ್ತೆಯ ಗಲಾಟೆಯನ್ನು ಪ್ರತಿ ಟ್ರಿಪ್ಪಿಗೂ ತಲೆಮೇಲೆ ಹೊತ್ತುಕೊಂಡಂತೆ.

ಆ ಕಡೆಯ ತುದಿ ಎಲೆಕ್ಟ್ರಾನಿಕ್ ಸಿಟಿ ಆಯಿತು. ಈ ಕಡೆಯದು ನೆಲಮಂಗಲವೋ ಮಾದಾವರವೋ? ಎಲ್ಲರ ಬಾಯಲ್ಲಿ ಮೊದಲು ಬರುವುದು ನೆಲಮಂಗಲ. ಆದರೆ ಹಾಸನದ ಬಸ್ಸು ಹೇಗೂ ಮಾದಾವರದ ಮುಂದೆಯೇ ಹಾದುಹೋಗುತ್ತದೆ. ಲೆಕ್ಕ ಹಾಕಿ ನೋಡೋಣ.

ನೈಸ್ ಮೇಲೆ ಗಂಟೆಗೆ 55 ಕಿ.ಮೀ. ಸರಾಸರಿ ಹಿಡಿದರೆ 41 ಕಿ.ಮೀ.ಗೆ 45 ನಿಮಿಷ. ನಡುವೆ ಮೂರು ನಿಲುಗಡೆ, ತಲಾ 4 ನಿಮಿಷ, 12 ಆಯಿತು. ಎಲೆಕ್ಟ್ರಾನಿಕ್ ಸಿಟಿ ಒಳಗೆ ಗೇಟುಗಳ ಮುಂದೆ ಓಡಾಡಲು 13. ಒಟ್ಟು 70 ನಿಮಿಷ. ಎರಡೂ ತುದಿಯಲ್ಲಿ ಹತ್ತು ಹತ್ತು ನಿಮಿಷ ನಿಂತರೆ ಒಂದು ಸುತ್ತಿಗೆ 160 ನಿಮಿಷ. 20 ನಿಮಿಷಕ್ಕೊಂದು ಬಸ್ಸು ಬೇಕೆಂದರೆ 160ನ್ನು 20ರಿಂದ ಭಾಗಿಸಿ: 8 ಬಸ್ಸು. ಅದೇ ನೆಲಮಂಗಲದಿಂದ ಹೊರಟರೆ ಒಂದು ದಿಕ್ಕಿಗೆ ಇನ್ನು 20 ನಿಮಿಷ ಸೇರಿ 90 ಆಗುತ್ತದೆ. ದಾರಿ ಉದ್ದವಾದಷ್ಟೂ ತಡವೂ ಹೆಚ್ಚು, ತುದಿಯ ಬಿಡುವು 15 ಇಡಬೇಕು. ಸುತ್ತು 210 ನಿಮಿಷ, ಬಸ್ಸು ಹತ್ತೂವರೆ, ಅಂದರೆ 11. ಹತ್ತು ಕಿಲೋಮೀಟರಿಗೆ ಮೂರು ಬಸ್ಸು ತೆತ್ತ ಹಾಗಾಯಿತು.

ಇಷ್ಟಕ್ಕೇ ಮಾದಾವರ ಗೆದ್ದಿತು ಎನ್ನಬೇಡಿ, ಕ್ರೂ, ಅಂದರೆ ಡ್ರೈವರ್ ಕಂಡಕ್ಟರ್, ಲೆಕ್ಕ ಉಲ್ಟಾ ಹೊಡೆಯುತ್ತದೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಲೆಕ್ಕವನ್ನೇ ಹಿಡಿದರೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೆ ಮೊದಲು ಕನಿಷ್ಠ ಅರ್ಧ ಗಂಟೆ ವಿರಾಮ, ಇದೆಲ್ಲ ಸೇರಿ ಬೆಳಗಿನಿಂದ ಬಿಡುವ ತನಕ 12 ಗಂಟೆಯೊಳಗೆ ಮುಗಿಯಬೇಕು. ಬಸ್ಸನ್ನು ಡಿಪೋದಿಂದ ತರಲು, ವಾಪಸ್ ಬಿಡಲು, ಕಂಡಕ್ಟರ್ ಹಣ ಕಟ್ಟಲು ಒಟ್ಟು ಒಂದು ಗಂಟೆ ಇಡಿ. 210 ನಿಮಿಷದ ಎರಡು ಸುತ್ತು 7 ಗಂಟೆ, ಮೇಲೊಂದು ಗಂಟೆ, ವಿರಾಮ ಬೇರೆ: ಸರಿಯಾಗಿ 8, ಅಳತೆಗೆ ಹೊಲಿದ ಅಂಗಿ. 160ರ ಮೂರು ಸುತ್ತು 8 ಗಂಟೆಯಾಗುತ್ತದೆ, ಡಿಪೋ ಕೆಲಸ ಸೇರಿದರೆ 9, ಓವರ್‌ಟೈಮ್. ಎರಡೇ ಸುತ್ತು ಓಡಿಸಿದರೆ 6 ಗಂಟೆ 20 ನಿಮಿಷಕ್ಕೆ ಡ್ಯೂಟಿ ಮುಗಿದು, ಒಂದು ಗಂಟೆ 40 ನಿಮಿಷದ ಸಂಬಳ ಸುಮ್ಮನೆ ಹೋಗುತ್ತದೆ. ಆ ಉಳಿದ ಹೊತ್ತಿನಲ್ಲಿ ಅದೇ ಬಸ್ಸಿನಿಂದ ನೆಲಮಂಗಲ–ಮಾದಾವರ ಷಟಲ್ ಒಂದು ಸುತ್ತು ಹೊಡೆಸಬೇಕು. ಎರಡು ಬಾರಿ 20 ನಿಮಿಷ, ನಿಲ್ಲಲು ಹತ್ತು, 50 ನಿಮಿಷದ ಕೆಲಸ. ನೆಲಮಂಗಲದವರೂ ಸುಮ್ಮನಾಗುತ್ತಾರೆ, ಡ್ಯೂಟಿಯೂ ಇನ್ನಷ್ಟು ತುಂಬುತ್ತದೆ. ಷಟಲ್ಲನ್ನು ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಇಟ್ಟರೆ ಡೆಡ್ ಕಿಲೋಮೀಟರೂ (ಜನರಿಲ್ಲದ ಓಟ) ಕಮ್ಮಿ, ಏಕೆಂದರೆ ಡಿಪೋದಿಂದ ಖಾಲಿ ಬರುವ ದಾರಿಯ ಒಂದು ಪಾಲಿಗೆ ಜನ ಸಿಗುತ್ತಾರೆ.

ಒಂದು ನಿಲುಗಡೆಗೆ 4 ನಿಮಿಷ ಜಾಸ್ತಿ ಎನಿಸಬಹುದು. ಮಾಮೂಲಿ ರಸ್ತೆಯಲ್ಲಿ ಅಷ್ಟು ಬೇಕಿಲ್ಲ. 60 ಕಿ.ಮೀ. ವೇಗದ ಬಸ್ಸು ಬ್ರೇಕ್ ಹಾಕಿ ನಿಂತು ಮತ್ತೆ ಅದೇ ವೇಗಕ್ಕೆ ಬರಲು, ಯಾರೂ ಹತ್ತದಿದ್ದರೂ, 25 ಸೆಕೆಂಡ್ ಹೋಗುತ್ತದೆ. ತಲೆಗೆ ಮೂರು ನಾಲ್ಕು ಸೆಕೆಂಡಿನಂತೆ ಹತ್ತು ಜನ ಹತ್ತಿದರೆ ಇನ್ನೊಂದು 40. ಒಟ್ಟು ಒಂದು ನಿಮಿಷದ ಆಸುಪಾಸು. ನೈಸ್‌ನಂಥ ಟೋಲ್ ರಸ್ತೆಯಲ್ಲಿ ಮಾತ್ರ ಮುಖ್ಯ ದಾರಿ ಬಿಟ್ಟು ಇಳಿಜಾರಿಗೆ ಬಂದು, ಲಾರಿಗಳ ಸಾಲಿನ ಪಕ್ಕ ನುಸುಳಿ, ಮತ್ತೆ ಮೇಲೆ ಹತ್ತಬೇಕು. ಅದಕ್ಕೇ ಮೈಸೂರು ರಸ್ತೆ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಮೂರೇ ಸಾಕು. ಮಾಗಡಿ ರಸ್ತೆಯನ್ನು ಅದೇ ದಾರಿಯ ಮಾಮೂಲಿ ಬಸ್ಸಿಗೆ ಬಿಡಬೇಕು.

ಕೆಡುವುದು ಇಲ್ಲೇ. ಮೊದಲ ವಾರ ಯಾರೋ ಗೊತ್ತಿಲ್ಲದೆ ಹತ್ತಿ ಮಾಗಡಿ ರಸ್ತೆ ಬಂದಾಗ ‘ಇಲ್ಲೇ ಒಂಚೂರು ನಿಲ್ಸಿ ಅಣ್ಣ’ ಅನ್ನುತ್ತಾರೆ. ಪಾಪ ಎಂದು ಡ್ರೈವರ್ ನಿಲ್ಲಿಸುತ್ತಾರೆ. ಮರುದಿನ ಅಲ್ಲಿ ಇಬ್ಬರು ಕೈ ಅಡ್ಡ ಹಾಕುತ್ತಾರೆ. ತಿಂಗಳು ಕಳೆಯುವುದರೊಳಗೆ ಅದು ನಿಲುಗಡೆ, ಆಮೇಲೆ ಅರ್ಜಿ, ಆಮೇಲೆ ಆದೇಶ. ನಮ್ಮ ಹಾಸನ–ಬೆಂಗಳೂರು ವೇಗದೂತಗಳಿಗೂ ಇದೇ ಕಥೆ: ಹೆದ್ದಾರಿ ಊರ ಹೊರಗೆ ಹೋದರೂ ಬಸ್ಸು ಪ್ರತಿ ಊರಿನ ಸ್ಟ್ಯಾಂಡಿಗೆ ಇಣುಕಿ ಬರಬೇಕು, ಇಣುಕಿದ ಒಂದೊಂದು ಕಡೆಯೂ ಹತ್ತು ನಿಮಿಷ ಕರಗುತ್ತದೆ. ಡ್ರೈವರಿಗೆ ಬುದ್ಧಿ ಹೇಳಿದರೆ ಇದು ನಿಲ್ಲುವುದಿಲ್ಲ, ಬೋರ್ಡಿನಿಂದ ನಿಲ್ಲುತ್ತದೆ. ಮುಂದಿನ ಬೋರ್ಡಿನಲ್ಲಿ ಹೋಗುವ ಊರಿನಷ್ಟೇ ದೊಡ್ಡದಾಗಿ ‘ಮಾಗಡಿ ರಸ್ತೆ ನಿಲುಗಡೆ ಇಲ್ಲ’ ಎಂದಿರಬೇಕು. ಬಾಗಿಲ ಪಕ್ಕವೂ ಅದೇ. ಇಟಿಎಂನಲ್ಲಿ ಆ ಸ್ಟೇಜೇ ಇರಕೂಡದು. ಟಿಕೆಟ್ ಹರಿಯಲು ಬಾರದ ಕಡೆಗೆ ಕಂಡಕ್ಟರ್ ಜನ ಹತ್ತಿಸಿಕೊಳ್ಳುವುದಿಲ್ಲ.

70 ನಿಮಿಷ ಎಂದೆನಲ್ಲ, ಅದು ಒಂದು ದಿನ ಕೂತು ಬಂದು ಬರೆಯುವ ಅಂಕಿಯಲ್ಲ. ಬೆಳಿಗ್ಗೆ ಏಳೂವರೆಗೆ ಮುಂಚೆ, ಏಳೂವರೆಯಿಂದ ಹತ್ತೂವರೆ, ಮಧ್ಯಾಹ್ನ, ಸಂಜೆ ನಾಲ್ಕರಿಂದ ಎಂಟು, ರಾತ್ರಿ ಎಂದು ಹೊತ್ತು ಒಡೆದು, ಒಂದೊಂದಕ್ಕೂ ಎರಡು ವಾರದ ಓಟದ ಸಮಯ ಬರೆದುಕೊಳ್ಳಬೇಕು. ಸರಾಸರಿ ತೆಗೆದರೆ ಸುಮಾರು ಅರ್ಧ ಟ್ರಿಪ್ಪುಗಳು ತಡವಾಗುತ್ತವೆ ಎಂದೇ ಅರ್ಥ. ಹತ್ತರಲ್ಲಿ ಎಂಟು ಟ್ರಿಪ್ಪು ಯಾವ ಸಮಯದೊಳಗೆ ಮುಗಿದವೋ ಅದನ್ನು ಹಿಡಿಯಿರಿ. ಹಾಗೆಂದು ದಾರಿ ನಡುವೆ ಉದಾರವಾಗಿ ಸಮಯ ಕೊಟ್ಟರೆ ಬಸ್ಸು ಕನಕಪುರ ರಸ್ತೆಯಲ್ಲಿ ಸುಮ್ಮನೆ ನಿಂತಿರುತ್ತದೆ, ಒಳಗಿನವರು ಕಂಡಕ್ಟರನ್ನು ಬೈಯುತ್ತಾರೆ. ಸಡಿಲವೆಲ್ಲ ತುದಿಯಲ್ಲಿರಬೇಕು. ರಸ್ತೆ ಬದಲಾದಾಗ ಅಂಕಿಯನ್ನೂ ಬದಲಿಸಬೇಕು: 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆ ಬಂದ್ ಆಗಿ, ಆಮೇಲೆ ಬಹುಕಾಲ ಭಾರಿ ವಾಹನಗಳಿಗೆ ಮುಚ್ಚಿದ್ದಾಗ ತುಮಕೂರು ರಸ್ತೆಯ ಹಳೆಯ ಸಮಯವೆಲ್ಲ ಸುಳ್ಳಾಗಿಬಿಟ್ಟಿತ್ತು.

ಬಸ್ಸಿನ ಜಾತಿಯೂ ಮುಖ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ, ಎಸಿಯಲ್ಲಿ ಇದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಓಡಾಡುವ ಹೊತ್ತಿಗೆ ಎಸಿ ಬಸ್ಸು ಹಾಕಿ, ಜನರೇ ಬರುತ್ತಿಲ್ಲ ಎಂದು ಮಾರ್ಗ ಮುಚ್ಚುವುದು ತಾನೇ ಗುಂಡಿ ತೋಡಿ ತಾನೇ ಬಿದ್ದ ಹಾಗೆ. ಟೋಲ್ ಲೆಕ್ಕ ಬೇರೆ. ಒಂದು ಟ್ರಿಪ್ಪಿಗೆ 200 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, 40 ಜನರಿದ್ದಾಗ ತಲೆಗೆ 5 ರೂಪಾಯಿ, 15 ಜನರಿದ್ದಾಗ 13ಕ್ಕೂ ಹೆಚ್ಚು. ಹಾಗಾಗಿ ಮಧ್ಯಾಹ್ನ 20 ನಿಮಿಷಕ್ಕೊಂದು ಓಡಿಸುವ ಹುಂಬತನ ಬೇಡ, 40 ನಿಮಿಷಕ್ಕೊಂದು ಸಾಕು. ನಿಂತು ಬರುವವರನ್ನೂ ಲೆಕ್ಕಕ್ಕೆ ಹಿಡಿಯಬಾರದು. ಮುಕ್ಕಾಲು ಗಂಟೆ ಆ ವೇಗದಲ್ಲಿ ಕಂಬಿ ಹಿಡಿದು ನಿಂತವನು ಮರುದಿನ ಬೈಕ್ ತೆಗೆಯುತ್ತಾನೆ.

ಇನ್ನು ಬಸ್ಸು ಬದಲಿಸುವ ಜಾಗ. ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಶುರುವಾದಾಗ ತುಮಕೂರು ರಸ್ತೆಯ ದೂರದ ಬಸ್ಸುಗಳು ಅಲ್ಲಿಂದಲೇ ಹೊರಡಲಿ ಎಂದಿತ್ತು. ಊರೊಳಗೆ ಹೋಗಲು ಇನ್ನೊಂದು ಬಸ್ಸು ಹಿಡಿಯುವ ಕಷ್ಟಕ್ಕೆ ಜನ ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. ಮಾದಾವರದಲ್ಲೂ ಹಾಗೇ ಆಗಬಾರದೆಂದರೆ ಹಾಸನದ ಬಸ್ಸು ಮುಖ್ಯ ಹೆದ್ದಾರಿಯಲ್ಲಿ ಅಲ್ಲ, ಸರ್ವಿಸ್ ರಸ್ತೆಯಲ್ಲಿ ನಿಲ್ಲಬೇಕು, ನೈಸ್ ಬಸ್ಸು ಅದೇ ಬದಿಯಲ್ಲಿ 200 ಮೀಟರ್ ಒಳಗೆ ಇರಬೇಕು. ತಲೆಮೇಲೆ ಆಲೂಗಡ್ಡೆ ಚೀಲ, ಕೈಯಲ್ಲಿ ತೆಂಗಿನಕಾಯಿ ಬ್ಯಾಗು ಇರುವವರಿಗೆ ಪಾದಚಾರಿ ಮೇಲ್ಸೇತುವೆ ಹತ್ತಿಸಿದರೆ ಅವರು ಮುಂದಿನ ವಾರ ಮೆಜೆಸ್ಟಿಕ್‌ಗೇ ಹೋಗುತ್ತಾರೆ. ಆ ಚೀಲ ಇಡಲು ಬಸ್ಸಿನ ಹಿಂದಿನ ಒಂದು ಸಾಲು ಸೀಟು ತೆಗೆಯುವುದು ಲೇಸು.

ಸಮಯವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ 9 ಗಂಟೆಯ ಜನರಲ್ ಶಿಫ್ಟ್ ಎಂದರೆ ಗೇಟಿಗೆ 8.40ಕ್ಕೆ ಇರಬೇಕು. ಮಾದಾವರದಿಂದ 7.30ಕ್ಕೆ ಬಿಡಬೇಕು. ಹಾಸನದ ಬಸ್ಸು 7.15ಕ್ಕೆ ಮಾದಾವರ ಮುಟ್ಟಬೇಕಾದರೆ, ಬೆಳ್ಳೂರು ಕ್ರಾಸಿನ ಟೀ ಸೇರಿಸಿ, ಹಾಸನ ಬಿಡುವುದು ಸುಮಾರು ನಾಲ್ಕಕ್ಕೆ. ಸೋಮವಾರ 7.30ರ ಬಸ್ಸಿಗೆ ಹತ್ತು ನಿಮಿಷ ಕಾಯುವ ಅಪ್ಪಣೆ ಇರಲಿ, ಅದಕ್ಕಿಂತ ಹೆಚ್ಚು ಬೇಡ, 7.50ರದ್ದು ಹಿಂದೆಯೇ ಇದೆ. ಕಾರ್ಖಾನೆಗಳ ಆರು ಗಂಟೆ ಶಿಫ್ಟಿಗೆ ಊರಿನಿಂದ ಬಂದು ಸೇರಿಸುವ ಆಸೆ ಬಿಡಬೇಕು, ಅವರು ಭಾನುವಾರ ರಾತ್ರಿಯೇ ಹೋಗಬೇಕು.

ಚಿಕ್ಕಮಗಳೂರಿನಿಂದ ಕಡೂರು, ಅರಸೀಕೆರೆ, ತುಮಕೂರು ದಾರಿಯಲ್ಲಿ ಬರುವವರಿಗೆ ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆ ಇದೆ, ಸುಮಾರು 80 ಕಿ.ಮೀ. ರಸ್ತೆ ಚೆನ್ನಾಗಿದೆ ಎಂದಾಕ್ಷಣ ಬಸ್ಸು ಹಾಕುವಂತಿಲ್ಲ. ನಡುವೆ ಮೆಟ್ರೊ ಇಲ್ಲ, ಕೂಡುವ ಜಾಗಗಳು ಹೊಲದ ಮಧ್ಯೆ. ಅಲ್ಲಿ ದಿನಕ್ಕೆ ನಾಲ್ಕು ಟ್ರಿಪ್ಪು ವಿಮಾನದ ಹೊತ್ತಿಗೆ ಹೊಂದಿಸಿ ನೋಡಬಹುದು, ಅಷ್ಟೇ.

ವಾಪಸ್ ಬರುವ ದಿನದ ಲೆಕ್ಕ ಬಹುತೇಕ ಎಲ್ಲರೂ ಮರೆಯುವಂಥದ್ದು. ಶನಿವಾರ ಸಂಜೆ ಎಲೆಕ್ಟ್ರಾನಿಕ್ ಸಿಟಿಯಿಂದ ಏಳಕ್ಕೆ ಹೊರಟವರು ಎಂಟೂಕಾಲಿಗೆ ಮಾದಾವರದಲ್ಲಿ ಇಳಿಯುತ್ತಾರೆ. ಮೆಜೆಸ್ಟಿಕ್‌ನಿಂದ ಬರುವ ಹಾಸನದ ಬಸ್ಸುಗಳು ಅಷ್ಟು ಹೊತ್ತಿಗೆ ತುಂಬಿ, ನಿಲ್ಲಿಸದೆ ಹೋಗುತ್ತವೆ. ಒಮ್ಮೆ ಎರಡು ಗಂಟೆ ಅಲ್ಲಿ ನಿಂತವನಿಗೆ ಬೆಳಗಿನ ಬಸ್ಸು ಎಷ್ಟು ಚೆನ್ನಾಗಿದ್ದರೂ ಬೇಡವಾಗುತ್ತದೆ. ಶನಿವಾರ ಏಳರಿಂದ ಹತ್ತರವರೆಗಿನ ಹಾಸನ ಬಸ್ಸುಗಳಲ್ಲಿ ಮಾದಾವರವನ್ನು ಹತ್ತುವ ಜಾಗವಾಗಿ ರಿಸರ್ವೇಶನ್‌ನಲ್ಲಿ ತೋರಿಸಿ ಬಸ್ಸಿಗೆ ಎಂಟು ಸೀಟು ಅಲ್ಲಿಗೆಂದೇ ಇಡಬೇಕು. ಎಂಟೂವರೆಗೆ ಮತ್ತು ಒಂಬತ್ತೂವರೆಗೆ ಎರಡು ಬಸ್ಸು ಮಾದಾವರದಿಂದಲೇ ಶುರುವಾಗಿ ಅಲ್ಲಿಯವರನ್ನು ತುಂಬಿಕೊಂಡು ಹೊರಡಬೇಕು. ಅವು ಸೋಮವಾರ ನಾಲ್ಕಕ್ಕೆ ಹಾಸನ ಬಿಡುವ ಬಸ್ಸುಗಳೇ ಆಗಿದ್ದರೆ ಹೆಚ್ಚಿಗೆ ಬಸ್ಸು ಹುಡುಕುವ ಕೆಲಸವೂ ಇಲ್ಲ.